ಮಂಗಳೂರಿಂದ ಕಾರವಾರಕ್ಕೆ ಮನೆಮಂದಿಯ ಜೊತೆ ಕಾರಲ್ಲಿ: ದಾರಿ, ತಿಂಡಿ, ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ತವರು ಕುಂದಾಪುರದ ಹತ್ತಿರ. ಅಕ್ಕನನ್ನು ಕೊಟ್ಟಿದ್ದು ಕಾರವಾರಕ್ಕೆ. ಹಾಗಾಗಿ ಕರಾವಳಿಯ ಈ ಹೆದ್ದಾರಿಯಲ್ಲಿ ನಾವು ವರ್ಷಕ್ಕೆ ಎರಡು ಸಲವಾದರೂ ಓಡಾಡುತ್ತೇವೆ. ಮದುವೆಮನೆಯಲ್ಲಿ ಸಿಕ್ಕವರು, ಫೋನ್ ಮಾಡಿದವರು, ಬರೆದು ಕೇಳಿದವರು ಎಲ್ಲರದ್ದೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಈಗಾಗಲೇ ಒಮ್ಮೆ ಹೋಗಿ ಬಂದವರಿಗೆ ಬೇಕಾದದ್ದು ಕೊನೆಗೆ.

## ಹೊರಡುವ ಮೊದಲು

ಇದು ಯಾವ ದಾರಿ? ಒಟ್ಟು ಎಷ್ಟು ದೂರ?

ರಾಷ್ಟ್ರೀಯ ಹೆದ್ದಾರಿ 66. ಹಿರಿಯರು ಇನ್ನೂ ಎನ್‌ಎಚ್ 17 ಅಂತಲೇ ಕರೆಯುತ್ತಾರೆ, ಅದು ಹಳೆಯ ನಂಬರ್. ಮಂಗಳೂರಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆ ದಾಟುತ್ತೀರಿ. ಉಡುಪಿಗೆ 60 ಕಿ.ಮೀ. ಒಳಗೆ. ಅಲ್ಲಿಂದ ಕುಂದಾಪುರ ಸುಮಾರು 38. ಆಮೇಲೆ ಮರವಂತೆ, ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ನಡುವೆ ಹತ್ತು ಹದಿನೈದು ನಿಮಿಷಕ್ಕೊಂದು ಹೊಳೆ.

ಈ ಹೊಳೆಗಳನ್ನು ಸ್ವಲ್ಪ ಗಮನಿಸಿ. ನಮ್ಮ ಕರಾವಳಿಯಲ್ಲಿ ಹೊಳೆ ದಾಟಿದರೆ ಮಾತು ಬದಲಾಗುತ್ತದೆ, ಮಾತಿನ ಜೊತೆ ಸಾರೂ ಬದಲಾಗುತ್ತದೆ. ತುಳು, ಕುಂದಗನ್ನಡ, ನವಾಯತಿ, ಹವಿಗನ್ನಡ, ಕೊಂಕಣಿ ಎಲ್ಲವೂ ಇದೇ ರಸ್ತೆಯ ಮೇಲಿವೆ. ಆಯಾ ಊರಿನದ್ದನ್ನು ಆಯಾ ಊರಲ್ಲೇ ತಿನ್ನಿ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಒಂದೇ ದಿನದಲ್ಲಿ ಮುಗಿಸಬಹುದಲ್ವಾ?

ಮುಗಿಸಬಹುದು. ಎಲ್ಲೂ ನಿಲ್ಲಿಸದೆ ಹೋದರೆ ಐದೂವರೆ, ಆರು ಗಂಟೆ ಸಾಕು. ಆದರೆ ಹಾಗೆ ಹೋದರೆ ನೋಡುವುದು ಹೆದ್ದಾರಿಯನ್ನು ಮಾತ್ರ. ಎರಡು ರಾತ್ರಿ, ಮೂರು ಹಗಲು ಇಟ್ಟುಕೊಳ್ಳಿ. ಮೊದಲ ರಾತ್ರಿ ಕುಂದಾಪುರ ಅಥವಾ ಮರವಂತೆ ಕಡೆ, ಎರಡನೆಯದು ಕುಮಟಾ ಅಥವಾ ಗೋಕರ್ಣ. ದಿನಕ್ಕೆ ನೂರು ಕಿ.ಮೀ. ಆಸುಪಾಸು ಓಡಿಸಿದರೆ ಗಾಡಿ ಓಡಿಸುವವರಿಗೂ ಊಟ ರುಚಿಸುತ್ತದೆ. ಇದನ್ನು ಯಾರೂ ಯೋಚಿಸುವುದಿಲ್ಲ, ಪಾಪ!

ಮಂಗಳೂರಿಂದ ಹೊರಡೋದಾ, ಕಾರವಾರದಿಂದ ಕೆಳಗೆ ಬರೋದಾ?

ಮಂಗಳೂರಿಂದ ಉತ್ತರಕ್ಕೆ ಹೋಗಿ. ನಾವು ಓಡಿಸುವುದು ರಸ್ತೆಯ ಎಡಗಡೆ, ಉತ್ತರಕ್ಕೆ ಹೋಗುವಾಗ ಕಡಲು ಇರುವುದೂ ಎಡಗಡೆಯೇ. ಮರವಂತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಗಾಡಿ ಬದಿಗೆ ಹಾಕಿ ಬಾಗಿಲು ತೆಗೆದರೆ ಎದುರಿಗೇ ಸಮುದ್ರ. ಮಕ್ಕಳ ಕೈ ಹಿಡಿದು ನಾಲ್ಕು ಪಥದ ಹೆದ್ದಾರಿ ದಾಟುವ ಕೆಲಸ ಇರುವುದಿಲ್ಲ.

ಬೆಂಗಳೂರಿಂದ ಬರೋರು ಯಾವ ಘಾಟಿ ಇಳಿಯಬೇಕು?

ಸಕಲೇಶಪುರದ ಮೇಲೆ ಶಿರಾಡಿ ಘಾಟಿ ನೇರ ದಾರಿ. ಸ್ವಲ್ಪ ಹೊತ್ತು ಜಾಸ್ತಿ ಇದ್ದರೆ ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಇಳಿಯಿರಿ. ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ಸಿಗುತ್ತದೆ, ಆ ಊರು ಅದಕ್ಕೇ ಹೆಸರುವಾಸಿ. ಕಾರಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಮಾತ್ರ ಆ ದೋಸೆ ಘಾಟಿಯ ಮೊದಲು ಬೇಡ. ಕೆಳಗಿಳಿದ ಮೇಲೆ ಬೇಕಾದಷ್ಟು ಸಿಗುತ್ತದೆ.

ಟೋಲ್ ಎಷ್ಟು ಕಡೆ ಇದೆ?

ಮಂಗಳೂರು ಬಿಟ್ಟ ಮೇಲೆ ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಬೇಲೆಕೇರಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ನೋಡಿಕೊಂಡು ಹೊರಡಿ. ಇನ್ನೊಂದು ಮಾತು. ಶಿರೂರು ಅನ್ನುವ ಹೆಸರಿನ ಊರು ಈ ದಾರಿಯಲ್ಲಿ ಎರಡಿವೆ. ಟೋಲ್ ಇರುವುದು ಬೈಂದೂರು ಕಡೆಯದು, ಇನ್ನೊಂದು ಅಂಕೋಲಾ ತಾಲ್ಲೂಕಿನದು. ಫೋನಲ್ಲಿ ‘ಶಿರೂರು ದಾಟಿದೆವು’ ಅಂದರೆ ಮನೆಯವರಿಗೆ ಗೊಂದಲ ಆಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಸುಮ್ನೆ ತಿರುಗಾಡಲು ಅಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಗಾಳಿ ತಂಪು, ಕಡಲು ಶಾಂತ, ಮೀನು ಚೆನ್ನಾಗಿ ಸಿಗುತ್ತದೆ. ಆದರೆ ತಿನ್ನುವುದಕ್ಕೇ ಹೋಗುವುದಾದರೆ ನಾನು ಏಪ್ರಿಲ್ ಕೊನೆ, ಮೇ ಮೊದಲ ವಾರ ಅನ್ನುತ್ತೇನೆ. ಸೆಕೆ ವಿಪರೀತ, ಅಂಗಿ ಮೈಗಂಟುತ್ತದೆ, ನಿಜ. ಆದರೆ ಹಲಸು, ಮಾವು, ಗೇರುಹಣ್ಣು, ತಾಟಿನಿಂಗು, ಕುಮಟಾದ ಸಿಹಿ ಈರುಳ್ಳಿ ಎಲ್ಲ ಒಟ್ಟಿಗೆ ಸಿಗುವುದು ಆಗಲೇ. ಮಕ್ಕಳಿಗೂ ರಜೆ. ಡಿಸೆಂಬರ್ ಕೊನೆಯ ವಾರ ಮತ್ತು ನವರಾತ್ರಿಯಲ್ಲಿ ರೂಮು ಮೊದಲೇ ಹಿಡಿಯದೆ ಹೊರಡಬೇಡಿ.

## ಊರೂರಿನ ಊಟ

ಬೆಳಗ್ಗೆ ಮಂಗಳೂರಲ್ಲಿ ಏನು ತಿಂದು ಹೊರಡೋದು?

ಬನ್ಸ್. ಬೇಕರಿಯ ಬನ್ ಅಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಪೂರಿ ಹಾಗೆ ಲಟ್ಟಿಸಿ ಕರಿಯುತ್ತಾರೆ. ಉಬ್ಬಿ ಬಂದಾಗ ಒಂದು ಸಿಹಿ ಪರಿಮಳ ಬರುತ್ತದೆ. ಕಾಯಿ ಚಟ್ನಿ ಜೊತೆ ತಿನ್ನಿ. ಖಾರ ಮುಟ್ಟದ ಮಕ್ಕಳು ಬರಿದೇ ತಿನ್ನುತ್ತಾರೆ.

ಇನ್ನೊಂದು ಸಜ್ಜಿಗೆ-ಬಜಿಲ್. ಅಂದರೆ ಉಪ್ಪಿಟ್ಟು ಮತ್ತು ಒಗ್ಗರಣೆ ಅವಲಕ್ಕಿ ಒಂದೇ ತಟ್ಟೆಯಲ್ಲಿ. ಇದನ್ನು ದೊಡ್ಡ ಹೋಟೆಲಲ್ಲಿ ಹುಡುಕಬೇಡಿ. ಬೆಳಗ್ಗೆ ಏಳು ಗಂಟೆಗೆ ಜನ ನಿಂತೇ ಚಹಾ ಕುಡಿಯುವ ಸಣ್ಣ ಹೋಟೆಲಿನಲ್ಲಿ ಕೇಳಿ. ಒಂಬತ್ತೂವರೆ ಆದರೆ ಖಾಲಿ.

ಉಡುಪಿಯಲ್ಲಿ ಎಷ್ಟು ಹೊತ್ತು ಬೇಕು? ಗೋಳಿಬಜೆ ಎಷ್ಟೊತ್ತಿಗೆ ಸಿಗುತ್ತೆ?

ಅರ್ಧ ದಿನ ಕೊಡಿ. ಹೆದ್ದಾರಿ ಊರೊಳಗೆ ಹೋಗುವುದಿಲ್ಲ. ಕರಾವಳಿ ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಿದರೆ ಕಲ್ಸಂಕದ ಮೇಲೆ ಮಠದ ಕಡೆ, ಎಡಕ್ಕೆ ತಿರುಗಿದರೆ ಮಲ್ಪೆ. ರಾಜಾಂಗಣದ ಹತ್ತಿರ ಗಾಡಿ ನಿಲ್ಲಿಸಿ ರಥಬೀದಿಗೆ ನಡೆದು ಹೋಗಿ. ಹನ್ನೊಂದಕ್ಕೆ ತಲುಪಿದರೆ ಕೃಷ್ಣನ ದರ್ಶನ, ಮಧ್ಯಾಹ್ನ ಮಠದಲ್ಲೇ ಊಟ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಆ ಸಾರಿಗೆ ಬೇರೆಯೇ ಒಂದು ಹದ ಇದೆ. ಹೋಟೆಲಲ್ಲಿ ಉಣ್ಣುವುದಾದರೆ ಮಟ್ಟುಗುಳ್ಳದ ಹುಳಿ ಇದೆಯಾ ಕೇಳಿ. ಕಾಪು, ಕಟಪಾಡಿ ಹತ್ತಿರದ ಮಟ್ಟು ಊರಿನಲ್ಲಿ ಬೆಳೆಯುವ ಗುಂಡಗಿನ ಹಸಿರು ಬದನೆ ಅದು, ಆ ಊರಿನದ್ದೇ ಬೆಳೆ ಅನ್ನುವ ಜಿಐ ಮಾನ್ಯತೆಯೂ ಸಿಕ್ಕಿದೆ. ಬೆಂದರೂ ಕರಗದೆ ಹೋಳು ಹೋಳಾಗಿಯೇ ಉಳಿಯುತ್ತದೆ.

ಗೋಳಿಬಜೆ ಸಂಜೆಯ ತಿಂಡಿ. ಮೂರೂವರೆ ನಂತರ ಸಿಗುವುದೇ ಬಿಸಿ. ರಥಬೀದಿ ಪಕ್ಕದ ಮಿತ್ರ ಸಮಾಜ ಇದಕ್ಕೆ ಹೆಸರುವಾಸಿ. ಎಲ್ಲಾದರೂ ಒಂದು ಕಡೆ ಬಾಣಲೆ ಕಾಣುವ ಹಾಗೆ ನಿಲ್ಲಿ. ಮೈದಾ, ಮೊಸರು, ಹಸಿಮೆಣಸು, ಶುಂಠಿ ಕಲಸಿದ ಹಿಟ್ಟನ್ನು ಅಡುಗೆಯವರು ಐದು ಬೆರಳಲ್ಲಿ ಎತ್ತಿ, ಹೆಬ್ಬೆರಳಿನಿಂದ ಜಾರಿಸಿ ಎಣ್ಣೆಗೆ ಬಿಡುತ್ತಾರೆ. ಒಂದೊಂದೂ ಮುಳುಗಿ, ಮೇಲೆ ಬಂದು, ತಾನಾಗಿ ಮಗುಚಿಕೊಳ್ಳುತ್ತದೆ. ಮುರಿದರೆ ಒಳಗೆ ಜೇನುಗೂಡಿನ ಹಾಗೆ ತೂತು, ಹಬೆ. ಮಕ್ಕಳ ಕೈಗೆ ಕೊಡುವ ಮೊದಲು ಮುರಿದು ಕೊಡಿ, ಒಳಗೆ ತುಂಬಾ ಸುಡುತ್ತದೆ.

ಗಡ್‌ಬಡ್ ಐಸ್‌ಕ್ರೀಂ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಲ್ಲಿ ಅಂತ ಊರವರು ಹೇಳುತ್ತಾರೆ. ಎತ್ತರದ ಗ್ಲಾಸಲ್ಲಿ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿ ಪದರ ಪದರ. ಒಂದು ತರಿಸಿದರೆ ಇಬ್ಬರಿಗೆ ಸಾಕು.

ಮರವಂತೆ ಅಷ್ಟೊಂದು ಹೇಳ್ತಾರಲ್ಲ, ಅಲ್ಲಿ ಏನಿದೆ? ಎಷ್ಟು ಹೊತ್ತಿಗೆ ಹೋಗಬೇಕು?

ರಸ್ತೆಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ನಡುವೆ ಇರುವುದು ಹೆದ್ದಾರಿ ಮಾತ್ರ. ಒಂದು ಕಡೆ ಅಲೆ ಬಂದು ಬಡಿಯುತ್ತಿರುತ್ತದೆ, ತಿರುಗಿ ನೋಡಿದರೆ ತೆಂಗಿನ ಕುದ್ರುಗಳ (ಹೊಳೆಯೊಳಗಿನ ಸಣ್ಣ ದ್ವೀಪಗಳ) ನಡುವೆ ನೀರು ಕನ್ನಡಿ ಹಾಗೆ. ಉಡುಪಿಯಲ್ಲಿ ಗೋಳಿಬಜೆ ತಿಂದು ನಾಲ್ಕೂವರೆಗೆ ಹೊರಟರೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ. ಕುಂದಾಪುರ ಫ್ಲೈಓವರ್ ದಾಟಿ ಸುಮಾರು 18 ಕಿ.ಮೀ.

ಕಡಲಿಗೆ ಇಳಿಯಬೇಡಿ. ಕೊರೆತ ತಡೆಯಲು ಹಾಕಿದ ದೊಡ್ಡ ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ, ನೀರಿನ ಸೆಳೆತವೂ ಜಾಸ್ತಿ. ಮಕ್ಕಳಿಗೆ ನೀರಲ್ಲಿ ಆಡಬೇಕು ಅಂದರೆ ಬೆಳಗ್ಗೆಯೇ ಪಡುಬಿದ್ರಿಯಲ್ಲಿ ಆಡಿಸಿ. ಅದಕ್ಕೂ ಹೊನ್ನಾವರ ಹತ್ತಿರದ ಕಾಸರಕೋಡಿಗೂ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿತು. ಬಟ್ಟೆ ಬದಲಾಯಿಸಲು, ಸ್ನಾನಕ್ಕೆ ಅನುಕೂಲ ಇದೆ.

ಕುಂದಾಪುರದ ಕೋಳಿ ಸಾರು, ಘೀ ರೋಸ್ಟ್ ಎರಡೂ ಒಂದೇನಾ?

ಅಲ್ಲ. ಘೀ ರೋಸ್ಟ್ ಹೋಟೆಲಿನ ಅಡುಗೆ. ಬ್ಯಾಡಗಿ ಮೆಣಸು, ಹುಣಸೆ, ಕೈತುಂಬ ತುಪ್ಪ. ಗಟ್ಟಿ, ಕೆಂಪು, ಹುಳಿ-ಖಾರ. ಹುಟ್ಟಿದ್ದು ಕುಂದಾಪುರದಲ್ಲೇ, ಶೆಟ್ಟಿ ಲಂಚ್ ಹೋಂ ಹೆಸರನ್ನು ಎಲ್ಲರೂ ಹೇಳುತ್ತಾರೆ. ಕೋಳಿ ಸಾರು ಮನೆಯ ಅಡುಗೆ. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು, ಕಾಯಿ ಅರೆದು, ಕೊನೆಗೆ ಕಾಯಿಹಾಲು ಬಿಡುತ್ತಾರೆ. ನೀರ್ ದೋಸೆ ಇಲ್ಲದೆ ಅದನ್ನು ತಿಂದರೆ ಅರ್ಧ ರುಚಿಯೇ ಹೋಯಿತು. ನನ್ನ ಅಜ್ಜಿ ನೀರ್ ದೋಸೆಯನ್ನು ಬಡಿಸಿದ ತಕ್ಷಣ ಸಾರಲ್ಲಿ ಅದ್ದಲು ಬಿಡುತ್ತಿರಲಿಲ್ಲ. ಮೊದಲ ದೋಸೆ ಕಾಯಿ-ಬೆಲ್ಲದ ಜೊತೆ, ಎರಡನೆಯದರಿಂದ ಸಾರು. ನಮ್ಮ ಮನೆಯಲ್ಲಿ ಈಗಲೂ ಹಾಗೇ.

ಮರವಂತೆಯಲ್ಲಿ ಕತ್ತಲಾದ ಮೇಲೆ ವಾಪಸ್ ಕುಂದಾಪುರಕ್ಕೆ ಬಂದು ರಾತ್ರಿ ಊಟ ಮಾಡಿ. ಫ್ಲೈಓವರ್ ಮೇಲೆ ಹೋದರೆ ಊರೇ ತಪ್ಪಿಹೋಗುತ್ತದೆ. ಶಾಸ್ತ್ರಿ ಸರ್ಕಲ್ಲಿಗೆ ಕೆಳಗಿನ ರಸ್ತೆ ಹಿಡಿಯಿರಿ.

ಭಟ್ಕಳದಲ್ಲಿ ಬಿರಿಯಾನಿ ಬಿಟ್ಟು ಬೇರೆ ಏನಾದ್ರೂ ಇದೆಯಾ?

ಮೊದಲು ಬಿರಿಯಾನಿಯದ್ದೇ ಹೇಳುತ್ತೇನೆ. ಇದು ನವಾಯತರ ಅಡುಗೆ. ಅರಬ್ ವ್ಯಾಪಾರಿಗಳ ನಂಟಿನಿಂದ ಬೆಳೆದ ಸಮುದಾಯ, ಮಾತು ನವಾಯತಿ. ಬಿರಿಯಾನಿಗೆ ಈರುಳ್ಳಿ ಧಾರಾಳ. ಅದನ್ನು ನಿಧಾನವಾಗಿ ಬಾಡಿಸಿ ಮಸಾಲೆ ಮಾಡಿಕೊಂಡು, ಅನ್ನವನ್ನು ಬೇರೆ ಬೇಯಿಸಿ ಮೇಲೆ ಹರಡುತ್ತಾರೆ. ಅನ್ನ ಬಿಳಿಯಾಗಿ ಹಗುರ, ಕೆಳಗಿನ ಮಸಾಲೆ ಸ್ವಲ್ಪ ಸಿಹಿ. ಹೈದರಾಬಾದಿನದ್ದರ ಖಾರ ಇದರಲ್ಲಿ ಇಲ್ಲ. ಅದಕ್ಕೇ ಮಕ್ಕಳೂ ತಿನ್ನುತ್ತಾರೆ. ಮನೆಗಳಲ್ಲಿ ಶಾವಿಗೆಯಲ್ಲೂ ಬಿರಿಯಾನಿ ಮಾಡುತ್ತಾರೆ. ಸ್ನೇಹಿತರು ಯಾರಾದರೂ ಊಟಕ್ಕೆ ಕರೆದರೆ ಬಿಡಬೇಡಿ. ಶಂಸುದ್ದೀನ್ ಸರ್ಕಲ್ ಸುತ್ತ ಮಧ್ಯಾಹ್ನ ಒಳ್ಳೆಯ ಊಟ ಸಿಗುತ್ತದೆ. ಶುಕ್ರವಾರ ನಮಾಜಿನ ಹೊತ್ತು ಬಿಟ್ಟುಕೊಂಡು ಹೋಗಿ.

ಬೇರೆ ಏನು ಅಂದರೆ, ಮಲ್ಲಿಗೆ. ಭಟ್ಕಳ ಮಲ್ಲಿಗೆಯ ಒಂದು ಮೊಳ ಕಾರಿನೊಳಗೆ ಇಟ್ಟರೆ ಮುರುಡೇಶ್ವರ ಬರುವವರೆಗೂ ಘಮ ಘಮ.

ಕುಮಟಾದಲ್ಲಿ ರಸ್ತೆ ಪಕ್ಕ ಜಡೆ ಹಾಗೆ ಹೆಣೆದ ಈರುಳ್ಳಿ ನೇತಾಕಿರ್ತಾರಲ್ಲ, ಅದು ಏನು?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಪ್ರೀತಿ ಜಾಸ್ತಿ! ಅದು ಕುಮಟಾದ ಸಿಹಿ ಈರುಳ್ಳಿ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣ ಕಡೆ ಭತ್ತ ಕೊಯ್ದ ಮೇಲೆ ಮರಳು ಮಿಶ್ರಿತ ಗದ್ದೆಯಲ್ಲಿ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಕಿತ್ತು, ಸೊಪ್ಪು ಕೊಯ್ಯದೆ ಹಾಗೇ ಒಣಗಿಸಿ, ಸೊಪ್ಪನ್ನೇ ಹೆಣೆದು ಗೊಂಚಲು ಮಾಡುತ್ತಾರೆ. ಹೆದ್ದಾರಿ ಬದಿಯಲ್ಲಿ ಕೋಲು ಕಟ್ಟಿ ಸಾಲಾಗಿ ತೂಗುಹಾಕಿರುತ್ತಾರೆ.

ಎರಡು ವರ್ಷದ ಹಿಂದೆ ಅಳ್ವೆಕೋಡಿಯಲ್ಲಿ ನಿಲ್ಲಿಸಿದ್ದೆವು. ಮಾರುತ್ತಿದ್ದ ಅಕ್ಕ ಮಾತಾಡುತ್ತಲೇ ಇದ್ದರು, ಕೈ ತನ್ನ ಪಾಡಿಗೆ ಹೆಣೆಯುತ್ತಿತ್ತು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ಅಮ್ಮ ಕೇಳಿದರು, ‘ಅಕ್ಕಾ, ಕಣ್ಣು ಉರಿಯಲ್ವಾ?’ ಅವರು ಒಂದು ಗಡ್ಡೆ ಕಿತ್ತು ಅಂಗೈಯಲ್ಲಿಟ್ಟು ಗುದ್ದಿ ಒಡೆದು ಕೊಟ್ಟರು. ‘ತಿಂದು ನೋಡಿ ಅಮ್ಮಾ’ ಅಂದರು. ಹಸಿಯಾಗಿಯೇ ತಿಂದೆವು. ಘಾಟು ಇಲ್ಲವೇ ಇಲ್ಲ, ಮೊದಲು ನೀರು, ಆಮೇಲೆ ಸಿಹಿ. ಕೊಂಡರೆ ಗೊಂಚಲಾಗಿಯೇ ಕೊಂಡುಹೋಗಿ. ಅಡುಗೆಮನೆಯಲ್ಲಿ ಗಾಳಿ ಆಡುವ ಕಡೆ ನೇತುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುತ್ತದೆ.

ಅಂಕೋಲಾ, ಕಾರವಾರದಲ್ಲಿ ಊಟ ಹೇಗಿರುತ್ತೆ?

ಇಲ್ಲಿ ಬಾಯಿಗೆ ಗೋವಾದ ಗಾಳಿ ತಾಗಲು ಶುರು. ಮೀನು ಸಾರಿಗೆ ಜುಮ್ಮನಕಾಯಿ ಅನ್ನುವ ಕಾಡುಮರದ ಮಸಾಲೆ ಕಾಯಿ ಬೀಳುತ್ತದೆ. ಬಂಗಡೆ ಸಾರಲ್ಲಿ ಅದರ ಪರಿಮಳ ನಾಲಿಗೆಯನ್ನು ಸಣ್ಣಗೆ ಜುಮ್ಮೆನ್ನಿಸುತ್ತದೆ. ಊಟದ ಕೊನೆಗೆ ಸೋಲ್ ಕಡಿ. ಮುರುಗಲು ಸಿಪ್ಪೆಯ ಹುಳಿಗೆ ಕಾಯಿಹಾಲು ಸೇರಿಸಿದ ಗುಲಾಬಿ ಬಣ್ಣದ ಕಡಿ. ಕುಡಿದರೆ ಹೊಟ್ಟೆ ತಣ್ಣಗೆ. ಮೇ ತಿಂಗಳಲ್ಲಿ ಹೋದರೆ ಅಂಕೋಲಾದಲ್ಲಿ ಕರಿ ಇಶಾಡು ಮಾವು ಕೇಳಿ. ಸಿಪ್ಪೆ ತೆಳು, ರಸ ತುಂಬ, ದೂರ ಸಾಗಿಸಿದರೆ ತಾಳುವುದಿಲ್ಲ. ಅದಕ್ಕೇ ಬೆಂಗಳೂರಿನ ಮಾರುಕಟ್ಟೆಯಲ್ಲಿ ನೀವು ನೋಡಿರಲಿಕ್ಕಿಲ್ಲ. 2023ರಲ್ಲಿ ಜಿಐ ಮಾನ್ಯತೆ ಬಂತು. ಅಲ್ಲೇ ನಿಂತು ತಿನ್ನಿ, ಕೈ ತೊಳೆಯಲು ನೀರು ಇಟ್ಟುಕೊಳ್ಳಿ.

## ಮನೆಯವರ ಅನುಕೂಲ

ನಾವು ಸಸ್ಯಾಹಾರಿಗಳು. ಕುಂದಾಪುರ ದಾಟಿದ ಮೇಲೆ ನಮಗೆ ಏನು?

ಬೇಕಾದಷ್ಟಿದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು, ಕೇದಗೆ ಎಲೆಯಲ್ಲಾದರೆ ಮೂಡೆ. ಇಡ್ಲಿ ಹಿಟ್ಟೇ, ಆದರೆ ಎಲೆಯ ವಾಸನೆ ಒಳಗೆ ಇಳಿದಿರುತ್ತದೆ. ಹೊನ್ನಾವರ, ಕುಮಟಾ ಕಡೆ ಹವ್ಯಕರ ಊಟ ಸಿಗುವ ಕಡೆ ತಂಬುಳಿ ಮತ್ತು ಅಪ್ಪೆಹುಳಿ ಬಿಡಬೇಡಿ. ತಂಬುಳಿ ಅಂದರೆ ಒಂದೆಲಗವೋ ಶುಂಠಿಯೋ ಅರೆದು ಮಜ್ಜಿಗೆಗೆ ಬೆರೆಸಿದ್ದು. ಅಪ್ಪೆಹುಳಿ ಅಂದರೆ ಮಾವಿನಕಾಯಿಯ ತೆಳು ಹುಳಿ ಸಾರು, ಅನ್ನಕ್ಕಿಂತ ಲೋಟದಲ್ಲೇ ಚೆನ್ನ. ಇಡಗುಂಜಿ ಗಣಪತಿಗೆ ಹೋದರೆ ಪಂಚಕಜ್ಜಾಯ ಸಿಗುತ್ತದೆ, ಒಣ ಪ್ರಸಾದ, ದಾರಿಗೂ ಆಗುತ್ತದೆ.

ಖಾರ ತಿನ್ನದ ಮಕ್ಕಳಿಗೆ ಏನು ಕೊಡೋದು? ಅಮೆರಿಕದಿಂದ ಬಂದಿದ್ದಾರೆ.

ಬನ್ಸ್ ಮತ್ತು ಭಟ್ಕಳದ ಊಟ ಮೇಲೆ ಹೇಳಿದೆ. ನೀರ್ ದೋಸೆಗೆ ಕಾಯಿ-ಬೆಲ್ಲ ಎಲ್ಲಿ ಕೇಳಿದರೂ ಕೊಡುತ್ತಾರೆ. ಮೀನಿನಲ್ಲಿ ಕಾಣೆ ರವಾ ಫ್ರೈ ಆಗಬಹುದು. ಮುಳ್ಳು ಕಡಿಮೆ, ಮಾಂಸ ಮೃದು, ‘ಖಾರ ಕಮ್ಮಿ ಹಾಕಿ’ ಅಂದರೆ ಹಾಗೇ ಮಾಡುತ್ತಾರೆ. ದಾರಿಯಲ್ಲಿ ನೀರಡಿಕೆಗೆ ಎಳನೀರು. ಕಣ್ಣ ಮುಂದೆ ಕೆತ್ತಿ ಕೊಡುವುದರಿಂದ ನೀರಿನ ಭಯ ಇಲ್ಲ. ಕಬ್ಬಿನ ಹಾಲು, ಐಸ್ ಹಾಕಿದ ಶರಬತ್ತು ಹೊಸಬರ ಹೊಟ್ಟೆಗೆ ಮೊದಲ ದಿನವೇ ಬೇಡ.

ಅಪ್ಪನಿಗೆ 75. ಅವರಿಗೆ ಕಷ್ಟ ಆಗುತ್ತಾ?

ದಾರಿ ನೇರ, ಸುತ್ತು ಕಡಿಮೆ, ಕಷ್ಟ ಇಲ್ಲ. 1901ರ ಕಾಪು ದೀಪಸ್ತಂಭ ಹತ್ತಿಸುವುದು ಬೇಡ, ಮೆಟ್ಟಿಲು ಜಾಸ್ತಿ. ಕೆಳಗೆ ಬಂಡೆಯ ಹತ್ತಿರ ಗಾಳಿಗೆ ಕೂರಿಸಿ. ಮುರುಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ 123 ಅಡಿಯ ಶಿವನೂ ಮೂರು ದಿಕ್ಕಿನ ಕಡಲೂ ಕಾಣುತ್ತದೆ. ಶೌಚಾಲಯ ದೊಡ್ಡ ಊರಿನ ಹೋಟೆಲಲ್ಲೇ ಮುಗಿಸಿಕೊಳ್ಳಿ. ಊಟದ ಹೊತ್ತು ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಬಾಳೆಹಣ್ಣು, ಅವಲಕ್ಕಿ ಕೈಗೆ ಸಿಗುವ ಹಾಗೆ ಇರಲಿ.

ಪ್ರತಿ ಊರಲ್ಲೂ ತಿಂದರೆ ಹೊಟ್ಟೆ ಏನಾಗಬೇಕು?

ಹಂಚಿ ತಿನ್ನಿ. ನಾವು ಐದು ಜನ ಇದ್ದರೆ ತಿಂಡಿಗೆ ಎರಡೇ ತಟ್ಟೆ ಹೇಳುತ್ತೇವೆ. ದಿನಕ್ಕೆ ಒಂದೇ ಹೊಟ್ಟೆತುಂಬ ಊಟ, ಉಳಿದದ್ದೆಲ್ಲ ರುಚಿ ನೋಡುವಷ್ಟು. ಕರಿದದ್ದು ಎರಡು ಆದ ಮೇಲೆ ಒಂದು ಲೋಟ ಪುನರ್ಪುಳಿ, ಅಂದರೆ ಮುರುಗಲಿನ ಪಾನಕ. ಅದು ನಮ್ಮ ಮನೆಯ ಕಟ್ಟುನಿಟ್ಟು.

ತುಳು, ಕೊಂಕಣಿ ಬರಲ್ಲ. ಪರವಾಗಿಲ್ವಾ?

ಕನ್ನಡ ಎಲ್ಲ ಕಡೆ ನಡೆಯುತ್ತದೆ. ಕೆಲವು ಹೆಸರು ಮಾತ್ರ ಗೊತ್ತಿರಲಿ. ಎಳನೀರಿಗೆ ಮಂಗಳೂರಲ್ಲಿ ಬೊಂಡ, ಕುಂದಾಪುರದಲ್ಲಿ ಸೀಯಾಳ. ಊಟಕ್ಕೆ ಕೂತರೆ ‘ಕುಚ್ಚಲಕ್ಕಿಯಾ, ಬೆಳ್ತಿಗೆಯಾ?’ ಅಂತ ಕೇಳುತ್ತಾರೆ. ಬೆಳ್ತಿಗೆ ಅಂದರೆ ನಮ್ಮ ಮಾಮೂಲಿ ಬಿಳಿ ಅನ್ನ. ಕುಚ್ಚಲಕ್ಕಿ ಒಮ್ಮೆಯಾದರೂ ಹೇಳಿ. ಮೀನು ಸಾರು ಅಂಟುವುದೇ ಆ ದಪ್ಪ ಕೆಂಪು ಅಗುಳಿಗೆ. ಮಂಗಳೂರಲ್ಲಿ ‘ಒಣಸ್ ಆಂಡಾ?’ ಅಂದರೆ ಊಟ ಆಯ್ತಾ ಅಂತ. ಹೋಟೆಲಿನವರಿಗೆ ನೀವೇ ತಿರುಗಿ ಕೇಳಿ ನೋಡಿ, ಮುಖ ಅರಳುತ್ತದೆ.

## ಈಗಾಗಲೇ ಒಮ್ಮೆ ಹೋಗಿ ಬಂದವರಿಗೆ

ಮೀನು ಊಟಕ್ಕೆ ಒಳ್ಳೆ ಹೋಟೆಲ್ ಅಂತ ಹೇಗೆ ಗೊತ್ತಾಗುತ್ತೆ?

ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಊರವರು ಎಲ್ಲಿ ಕೂತಿದ್ದಾರೆ ನೋಡಿ. ಬ್ಯಾಂಕಿನವರು, ಆಟೋದವರು, ಅಂಗಡಿಯವರು ಒಟ್ಟಿಗೆ ಕೂತಿದ್ದರೆ ಒಳಗೆ ಹೋಗಿ. ಪಟ್ಟಿ ಕೇಳುವ ಮೊದಲು ‘ಇವತ್ತು ಏನು ಬಂದಿದೆ?’ ಅಂತ ಕೇಳಿ. ಎರಡೇ ಹೆಸರು ಹೇಳಿದರೆ ಒಳ್ಳೆಯದು, ಹನ್ನೆರಡು ಹೇಳಿದರೆ ಫ್ರಿಜ್‌ನಿಂದ ಬರುತ್ತದೆ.

ಹೆಸರು ಹೊಳೆಯಿಂದ ಹೊಳೆಗೆ ಬೇರೆ. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಅಂಜಲ್ ಕಾರವಾರಕ್ಕೆ ಹೋದರೆ ಇಸ್ವಾಣ. ಅಗ್ಗದ ಮೀನು ಅಂತ ಬೂತಾಯಿಯನ್ನು ಕಡೆಗಣಿಸಬೇಡಿ. ಪುಳಿಮುಂಚಿ (ಹುಳಿ-ಖಾರದ ಗಟ್ಟಿ ಸಾರು) ಮಾಡಿದರೆ ಅದರ ಮುಂದೆ ಅಂಜಲ್ ಸಪ್ಪೆ.

ದೊಡ್ಡ ಮೀನಿಗೆ ದರ ಗಾತ್ರದ ಮೇಲೆ. ತಟ್ಟೆಯಲ್ಲಿಟ್ಟು ತೋರಿಸಿದಾಗಲೇ ಕೇಳಿ. ಒಮ್ಮೆ ಹೆದ್ದಾರಿ ಬದಿಯ ಒಂದು ಹೋಟೆಲಲ್ಲಿ ನಾವು ದರ ಕೇಳದೆ ಮಾಂಜಿ (ಪಾಂಫ್ರೆಟ್) ಹೇಳಿ, ಎಲ್ಲರ ಊಟದಷ್ಟೇ ದುಡ್ಡನ್ನು ಒಂದು ಮೀನಿಗೆ ಕೊಟ್ಟು ಬಂದೆವು. ಮೀನು ತಾಜಾ ಕೂಡ ಇರಲಿಲ್ಲ. ಅವತ್ತಿನಿಂದ ಅಮ್ಮನೇ ಮೊದಲು ದರ ವಿಚಾರಿಸುತ್ತಾರೆ.

ಮಳೆಗಾಲದಲ್ಲಿ ಹೋಗಬಹುದಾ? ಆಗ ಮೀನು ಸಿಗುತ್ತಾ?

ನೋಡಲು ಮಳೆಗಾಲದಂಥದ್ದು ಇನ್ನೊಂದಿಲ್ಲ. ಆದರೆ ಮನೆಮಂದಿಯ ಜೊತೆ ಜೂನ್, ಜುಲೈಯಲ್ಲಿ ಬೇಡ ಅನ್ನುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಗುಡ್ಡದ ಬುಡದಲ್ಲಿ ಚಹಾ ಹೋಟೆಲ್ ಇತ್ತು. ಅದನ್ನು ನಡೆಸುತ್ತಿದ್ದ ಕುಟುಂಬವೂ ಹೋಯಿತು, ದಾರಿಯಲ್ಲಿ ನಿಂತಿದ್ದವರೂ ಪಕ್ಕದ ಗಂಗಾವಳಿ ಹೊಳೆಯ ಪಾಲಾದರು. ಅಲ್ಲಿ ನಾವೂ ಎಷ್ಟೋ ಸಲ ಹಾದುಹೋಗಿದ್ದೇವೆ. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. ಹೋಗಲೇಬೇಕಾದರೆ ರೆಡ್ ಅಲರ್ಟ್ ಇರುವ ದಿನ ಹೊರಡಬೇಡಿ, ರಾತ್ರಿ ಓಡಿಸಬೇಡಿ, ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೂ ಗಾಡಿ ನಿಲ್ಲಿಸಬೇಡಿ. ಊರೊಳಗೆ ಹೋಗಿ ನಿಲ್ಲಿಸಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡುವ ಕಾಲ. ಆಗ ದೊಡ್ಡ ಮೀನು ಹೇಳಿದರೆ ಐಸಿನದ್ದೋ ಹೊರಗಿನದ್ದೋ ಬರುತ್ತದೆ. ಊರವರು ಆಗ ತಿನ್ನುವುದು ಹೊಳೆಮೀನು, ಒಣಮೀನು, ಇಲ್ಲವೇ ಸೊಪ್ಪು. ಮಳೆಗಾಲದ ರಾಜ ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ-ಮಸಾಲೆ ಬಳಿದು ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಣಸೆಹುಳಿ ಕಮ್ಮಿ ಆದರೆ ಗಂಟಲು ತುರಿಸುತ್ತದೆ, ಹಾಗಾಗಿ ಕೈಪಳಗಿದವರ ಹತ್ತಿರವೇ ತಿನ್ನಿ.

ಎಲ್ಲರೂ ನಿಲ್ಲಿಸೋ ಜಾಗ ಬಿಟ್ಟು ಬೇರೆ ಎಲ್ಲಿ ನಿಲ್ಲಿಸಬಹುದು?

ನನ್ನ ಲೆಕ್ಕದಲ್ಲಿ ಮೂರು. ಬೈಂದೂರಿನ ಒತ್ತಿನೆಣೆ, ಗುಡ್ಡದ ತುದಿಯಿಂದ ಕೆಳಗೆ ಸೋಮೇಶ್ವರದ ಕಡಲು. ಹೊನ್ನಾವರ, ಶರಾವತಿ ಕಡಲು ಸೇರುವ ಜಾಗ. ಇಲ್ಲಿ ಸೇತುವೆ ಮೇಲೆ ನಿಲ್ಲಿಸಬೇಡಿ, ಕೆಳಗಿಳಿದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ದಾರಿಯಲ್ಲಿ ನಡೆಯಿರಿ. ಮೂರನೆಯದು ಕುಮಟಾ ದಾಟಿದ ಮೇಲೆ ಮಿರ್ಜಾನ್ ಕೋಟೆ. ಕಾಳುಮೆಣಸಿನ ವ್ಯಾಪಾರದಿಂದ ‘ಮೆಣಸಿನ ರಾಣಿ’ ಅಂತ ಪೋರ್ಚುಗೀಸರಿಂದ ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಬೆಳಗ್ಗೆ ಎಂಟು ಗಂಟೆಗೆ ಹೋದರೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಜನ ಇರುವುದಿಲ್ಲ. ಕಟ್ಟಿಸಿಕೊಂಡು ತಂದ ತಿಂಡಿಯನ್ನು ಹೊರಗಿನ ಮರದ ಕೆಳಗೆ ತಿಂದು, ಕಸ ಕಾರಿಗೆ ಹಾಕಿಕೊಳ್ಳಿ.

ಮನೆಗೆ ಏನು ಕೊಂಡುಹೋಗಬಹುದು? ಯಾವುದು ಕೆಡಲ್ಲ?

ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಒಣ ಸಿಪ್ಪೆ. ಸಿರಪ್‌ಗಿಂತ ಸಿಪ್ಪೆ ವಾಸಿ, ವರ್ಷ ಇಟ್ಟರೂ ಕೆಡುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪು. ಗದ್ದೆಗೆ ಕಡಲ ನೀರು ಬಿಟ್ಟು ಬಿಸಿಲಲ್ಲಿ ಒಣಗಿಸಿದ ಹರಳುಪ್ಪು, ಉಪ್ಪಿನಕಾಯಿ ಹಾಕುವವರಿಗೆ ಇದೇ ಬೇಕು. ಅಘನಾಶಿನಿ ಹೊಳೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಉಪ್ಪುನೀರನ್ನೂ ತಾಳಿ ಬೆಳೆಯುವ ಕಗ್ಗ ಅಕ್ಕಿ ಸಿಕ್ಕರೆ ಎರಡು ಕೆ.ಜಿ. ತನ್ನಿ, ಅದನ್ನು ಬೆಳೆಯುವವರು ಈಗ ಕಡಿಮೆ. ಒಣಮೀನು ಕೊಂಡರೆ ಎರಡು ಪದರ ಪ್ಲಾಸ್ಟಿಕ್, ಮೇಲೆ ಮುಚ್ಚಳದ ಡಬ್ಬಿ. ಇಲ್ಲದಿದ್ದರೆ ವಾರವಿಡೀ ಕಾರಲ್ಲಿ ಅದೇ ವಾಸನೆ.

ವಾಪಸ್ ಬರೋದು ಅದೇ ದಾರಿಯಲ್ಲಾ?

ಬೇಡ. ಹುಬ್ಬಳ್ಳಿ ಕಡೆಯವರು ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರದ ಮೇಲೆ ಹೋಗಿ. ಬೆಂಗಳೂರಿನವರು ಹೊನ್ನಾವರಕ್ಕೆ ಇಳಿದು ಗೇರುಸೊಪ್ಪೆ ಮೇಲೆ ಜೋಗ, ಸಾಗರದ ದಾರಿ ಹಿಡಿಯಿರಿ. ಶರಾವತಿ ಎಷ್ಟೋ ಹೊತ್ತು ಜೊತೆಗೇ ಬರುತ್ತದೆ.

ಈ ದಾರಿಯಲ್ಲಿ ಕೊನೆಯ ನಿಲುಗಡೆ ತೊಡೆದೇವು. ಸಾಗರ, ಸಿದ್ದಾಪುರ, ಶಿರಸಿ ಕಡೆಯ ತಿಂಡಿ. ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಕೋಲಿಗೆ ಸುತ್ತಿದ ಬಟ್ಟೆಯಿಂದ ಮಡಕೆಯ ಬೆನ್ನಿಗೆ ಒಮ್ಮೆ ಎಳೆಯುತ್ತಾರೆ. ಕ್ಷಣದಲ್ಲಿ ಬೆಂದು ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಆರಿದರೆ ಮುರಿಯುತ್ತದೆ. ಆಲೆಮನೆಯ ಕಾಲದಲ್ಲಿ ಹೋದರೆ ಮಾಡುವುದನ್ನೇ ನೋಡಬಹುದು. ಡಬ್ಬಿಯಲ್ಲಿ ಕೊಂಡರೆ ಡಿಕ್ಕಿಗೆ ಹಾಕಬೇಡಿ. ಹಿಂದಿನ ಸೀಟಲ್ಲಿ ಕೂತವರ ತೊಡೆಯ ಮೇಲೆ ಇರಲಿ, ಮನೆಗೆ ಹೋಗಿ ಬಿಸಿ ಹಾಲು, ತುಪ್ಪ ಹಾಕಿಕೊಂಡು ತಿನ್ನಿ.